ಮೂಗಿಗೆ ಗೊತ್ತು ಮುಂದಿನ ಸ್ಟೇಷನ್

ಸೇಡಂನಲ್ಲಿ ಬೆಳಗಿನ ಗಾಡಿ ಹತ್ತಿದ ಗುಮಾಸ್ತರು ಕಿಟಕಿಗೆ ತಲೆ ಆನಿಸಿದರೆಂದರೆ ಮುಗಿಯಿತು. ಮಳಖೇಡ ರೋಡ್ ಬರುವ ಮೊದಲೇ ಗಾಢ ನಿದ್ದೆ. ಚಿತ್ತಾಪುರದಲ್ಲಿ ನುಗ್ಗಿ ಬರುವವರ ಗದ್ದಲಕ್ಕೆ ಅವರಿಗೆ ಎಚ್ಚರವಾಗುವುದಿಲ್ಲ. ವಾಡಿಯಲ್ಲಿ ಚಹಾದವನು ಕಿವಿಯ ಪಕ್ಕವೇ ಕೂಗಿದರೂ ಎಚ್ಚರವಾಗುವುದಿಲ್ಲ. ಆದರೆ ಗಾಡಿ ಕಾಗಿಣಾ ನದಿಯ ಸೇತುವೆಯನ್ನು ದಾಟಿ, ಆಗ ತಾನೇ ಕತ್ತರಿಸಿದ ಕಲ್ಲಿನ ಹಸಿ ವಾಸನೆ ಕಿಟಕಿಯಿಂದ ಒಳಗೆ ಬಂದಿತೋ ಇಲ್ಲವೋ, ಕಣ್ಣು ಮುಚ್ಚಿಕೊಂಡೇ ಕಾಲಿನಿಂದ ಚಪ್ಪಲಿ ಹುಡುಕತೊಡಗುತ್ತಾರೆ. ಅವರು ಇಳಿಯಬೇಕಾದದ್ದು ಶಹಾಬಾದಿನಲ್ಲಿ.

ಇಂಥವರು ಪ್ರತಿ ಡಬ್ಬಿಯಲ್ಲಿ ಒಬ್ಬರಲ್ಲ ಒಬ್ಬರು ಇದ್ದೇ ಇರುತ್ತಾರೆ. "ಕಾಕಾ, ಗಾಡಿ ಎಲ್ಲಿ ಅದ?" ಎಂದು ಕೇಳಿದರೆ ಹೊರಗೆ ಇಣುಕಿಯೂ ನೋಡದೆ "ಕಾಗಿಣಾ ದಾಟ್ಯದ, ಏಳ್ರಿ" ಎನ್ನುವವರು. ಕೈಗಡಿಯಾರ ತಪ್ಪಬಹುದು, ರೈಲಿನ ವೇಳಾಪಟ್ಟಿಯಂತೂ ತಪ್ಪಿಯೇ ತಪ್ಪುತ್ತದೆ. ಇಪ್ಪತ್ತು ವರ್ಷ ಒಂದೇ ಹಳಿಯ ಮೇಲೆ ಓಡಾಡಿದವರ ಮೂಗು ಮಾತ್ರ ತಪ್ಪುವುದಿಲ್ಲ.

ಮುಂಬಯಿಯ ಲೋಕಲ್ ರೈಲುಗಳ ಬಗ್ಗೆ ಕಥೆಗಳಿವೆ, ಸಿನಿಮಾಗಳಿವೆ. ಹೈದರಾಬಾದಿಗೂ 2003ರಲ್ಲಿ ನಗರದ ರೈಲು ಬಂತು. ಅಂಥ ಯಾವ ದೊಡ್ಡ ಹೆಸರೂ ಇಲ್ಲದೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನ ಜನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ರಾತ್ರಿ ಮರಳುತ್ತಾರೆ. ಅವರ ದಿನವನ್ನು ಗಂಟೆಗಳಲ್ಲಿ ಅಳೆಯುವುದಕ್ಕಿಂತ ವಾಸನೆಗಳಲ್ಲಿ ಅಳೆಯುವುದೇ ಸರಿಯೇನೋ.

ಎರಡು ಹಳಿ ಕೂಡುವಲ್ಲಿ

ಈ ಹಳಿಗಳು ಬಂದದ್ದು ಇಲ್ಲಿನವರ ನೌಕರಿಗಾಗಿ ಅಲ್ಲ. ಮುಂಬಯಿಯಿಂದ ಹೊರಟ ಜಿ.ಐ.ಪಿ. ರೈಲ್ವೆ ಗುಲ್ಬರ್ಗ, ಶಹಾಬಾದ್, ವಾಡಿಗಳನ್ನು ಹಾಯ್ದು ರಾಯಚೂರಿನಲ್ಲಿ ಮದರಾಸಿನ ರೈಲ್ವೆಯನ್ನು ಕೂಡಿದ್ದು 1871ರಲ್ಲಿ. ರಾಜಧಾನಿ ಹೈದರಾಬಾದಿಗೆ ರೈಲು ಇಲ್ಲದ ಕೊರತೆ ನೀಗಿಸಲು ನಿಜಾಮರ ಸರಕಾರ ವಾಡಿಯಿಂದ ಕವಲು ತೆಗೆಸಿತು. 1874ರಲ್ಲಿ ಆ ಮಾರ್ಗ ಓಡತೊಡಗಿತು. ಬಯಲಿನ ನಡುವಿನ ವಾಡಿ ಅಂದಿನಿಂದ ಜಂಕ್ಷನ್ ಆಯಿತು. ಇಂದಿಗೂ ಮಧ್ಯ ರೈಲ್ವೆ ಮತ್ತು ದಕ್ಷಿಣ ಮಧ್ಯ ರೈಲ್ವೆ ಎರಡೂ ಇಲ್ಲಿ ಕೈ ಕುಲುಕುತ್ತವೆ. ಕಲಬುರಗಿಯಿಂದ ವಾಡಿಗೆ ಸುಮಾರು 37 ಕಿಲೋಮೀಟರ್. ಅಲ್ಲಿಂದ ಹೈದರಾಬಾದಿನ ಕಡೆ ಹೊರಳಿದರೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ಕುರಕುಂಟ, ಆಮೇಲೆ ತೆಲಂಗಾಣದ ತಾಂಡೂರು.

ಈ ಸಾಲಿನಲ್ಲಿ ಚಿಂಚೋಳಿಯ ಹೆಸರಿಲ್ಲ. ಚಿಂಚೋಳಿಗೆ ರೈಲಿಲ್ಲ. ಅಲ್ಲಿನವರು ಮೊದಲು ಬಸ್ಸಿನಲ್ಲಿ ಸೇಡಂಗೋ ತಾಂಡೂರಿಗೋ ಬರಬೇಕು. ಹಾಗಾಗಿ ಚಿಂಚೋಳಿಯವರನ್ನು ಡಬ್ಬಿಯಲ್ಲಿ ಗುರುತಿಸುವುದು ಸುಲಭ. ರೈಲು ಹತ್ತುವ ಹೊತ್ತಿಗೇ ಅವರ ಅಂಗಿ ಒಂದು ಸಾರಿ ಬೆವೆತು ಒಣಗಿರುತ್ತದೆ, ತಲೆಯ ಮೇಲೆ ಕೆಂಪು ಧೂಳಿನ ತೆಳು ಪದರ ಇರುತ್ತದೆ. ಬಸ್ಸು ಹತ್ತು ನಿಮಿಷ ತಡವಾದರೆ ಅವರ ಪಾಲಿಗೆ ಆ ದಿನದ ರೈಲೇ ಇಲ್ಲ.

ಓಡಾಡುವವರು ಯಾರು? ಶಾಲೆಯ ಅಕ್ಕೋರು, ತಹಶೀಲಿ ಕಚೇರಿಯ ಗುಮಾಸ್ತರು, ಬ್ಯಾಂಕಿನವರು, ಕಲಬುರಗಿಯ ಕಾಲೇಜುಗಳಿಗೆ ಹೋಗುವ ಹುಡುಗ ಹುಡುಗಿಯರು, ಕೋರ್ಟಿಗೆ ಅಲೆಯುವವರು, ದೊಡ್ಡ ಆಸ್ಪತ್ರೆಗೆ ಚೀಟಿ ಬರೆಸಿಕೊಂಡ ರೋಗಿಗಳು. ಎದುರು ದಿಕ್ಕಿನಲ್ಲಿ ಕಲಬುರಗಿಯಿಂದ ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗೆ ಬರುವವರು. ಕನ್ನಡ, ದಖನಿ ಉರ್ದು, ತೆಲುಗು, ಮರಾಠಿ, ಲಂಬಾಣಿ, ಐದು ಭಾಷೆ ಒಂದೇ ಬೆಂಚಿನ ಮೇಲೆ ಕೂತಿರುತ್ತವೆ. ಜಾತಿ ಕೇಳುವ, ಮತ ಕೇಳುವ ಜನ ಇಲ್ಲೂ ಇದ್ದಾರೆ. ಆದರೆ ನಾಲ್ವರ ಬೆಂಚಿನಲ್ಲಿ ಏಳು ಜನ ಕೂತಾಗ ಯಾರ ಮೊಣಕೈ ಯಾರ ಪಕ್ಕೆಗೆ ತಾಕುತ್ತದೆ ಎಂದು ನೋಡಲು ಜಾಗವೇ ಇರುವುದಿಲ್ಲ.

ಬುತ್ತಿಯ ಗಂಟು, ಅತ್ತರಿನ ಹತ್ತಿ

ಬೆಳಗಿನ ಡಬ್ಬಿಗೆ ಮಿಂದ ಮೈಯ ವಾಸನೆ. ಕೊಬ್ಬರಿ ಎಣ್ಣೆ ಹಚ್ಚಿ ಬಿಗಿದು ಹೆಣೆದ ಜಡೆ, ಮಲ್ಲಿಗೆಯ ಮೊಳ, ಹಣೆಯ ವಿಭೂತಿ, ಅಗ್ಗದ ಪೌಡರು, ರಾತ್ರಿಯೇ ಇಸ್ತ್ರಿ ಮಾಡಿಟ್ಟ ಅಂಗಿ. ಕಿವಿಯ ಮಡಿಕೆಯಲ್ಲಿ ಅತ್ತರಿನ ಹತ್ತಿ ಸಿಕ್ಕಿಸಿಕೊಂಡ ಅಜ್ಜ ಬಾಗಿಲ ಬಳಿ ನಿಂತರೆ ಅರ್ಧ ಡಬ್ಬಿಗೆ ಅದರ ಪಾಲು. ಕಲಬುರಗಿಯಲ್ಲಿ ಖಾಜಾ ಬಂದೇನವಾಜರ ಉರುಸಿನ ದಿನಗಳಲ್ಲಿ ಹೈದರಾಬಾದಿನ ಕಡೆಯಿಂದ ಬರುವ ಗಾಡಿಗೆ ಲೋಬಾನ, ಗುಲಾಬಿ, ಗಂಧ ಮೂರೂ ಒಟ್ಟಿಗೆ ಅಂಟಿಕೊಂಡಿರುತ್ತವೆ. ಶರಣಬಸವೇಶ್ವರ ಜಾತ್ರೆಯ ಕಾಲಕ್ಕೆ ಅದೇ ಬೆಂಚುಗಳ ಮೇಲೆ ಕಾಯಿ, ಕರ್ಪೂರ, ಉತ್ತತ್ತಿಯ ವಾಸನೆ. ಡಬ್ಬಿ ಅದೇ, ಜನವೂ ಬಹುಪಾಲು ಅದೇ.

ಇವೆಲ್ಲದರ ಕೆಳಗೆ, ಬೆಂಚಿನಡಿಯ ಚೀಲಗಳಿಂದ ಏಳುವುದು ಬುತ್ತಿಯ ವಾಸನೆ. ಜೋಳದ ರೊಟ್ಟಿಗೆ ತನ್ನದೇ ಆದ ಒಂದು ಒಣ ಪರಿಮಳವಿದೆ, ಸುಟ್ಟ ಹಿಟ್ಟಿನದು. ಬಟ್ಟೆಯಲ್ಲಿ ಸುತ್ತಿಟ್ಟರೆ ಬಟ್ಟೆಗೂ ಅದು ಹತ್ತುತ್ತದೆ. ಅದರ ಜೊತೆಗೆ ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಹಿಂಡಿ, ಹುಳಿ ಏರಿದ ಪುಂಡಿ ಪಲ್ಯ, ಎಣ್ಣೆ ಬಿಟ್ಟ ಬದನೆಕಾಯಿ. "ಅಕ್ಕೋರೆ, ಇವತ್ತ ಬುತ್ತ್ಯಾಗ ಏನದರಿ?" ಎಂಬ ಪ್ರಶ್ನೆಗೆ ಉತ್ತರ ಬೇಕಿಲ್ಲ. ಕೇಳಿದವರಿಗೆ ಅದು ಆಗಲೇ ಗೊತ್ತಾಗಿರುತ್ತದೆ. ಯಾರ ಮನೆಯಲ್ಲಿ ಇಂದು ಒಗ್ಗರಣೆಗೆ ಎಣ್ಣೆ ಕಡಿಮೆಯಾಯಿತು, ಯಾರ ಬುತ್ತಿ ಮೂರು ದಿನದಿಂದ ಬರೀ ರೊಟ್ಟಿ ಖಾರವಾಗಿದೆ ಎಂಬುದನ್ನು ಬಾಯಿ ಬಿಟ್ಟು ಹೇಳುವವರಿಲ್ಲ. ಆದರೆ ಅಂಥ ದಿನ ಪಕ್ಕದವರು ತಮ್ಮ ಡಬರಿಯ ಮುಚ್ಚಳದಲ್ಲಿ ಪಲ್ಯ ಹಾಕಿ ಸುಮ್ಮನೆ ಮುಂದೆ ಸರಿಸುತ್ತಾರೆ. ಇದು ಈ ಗಾಡಿಯ ರಿವಾಜು.

ಹೆಂಗಸರ ಪಾಲಿನ ಪ್ರಯಾಣ ಬೇರೆಯದು. ಗಂಡಸರು ಬಾಗಿಲಲ್ಲಿ ಗಾಳಿಗೆ ಮುಖವೊಡ್ಡಿ ನಿಲ್ಲಬಹುದು. ಹೆಂಗಸರು ಒಳಗಿನ ಉಸಿರುಗಟ್ಟುವ ಮೂಲೆಯನ್ನೇ ಹುಡುಕಬೇಕು. ನೂಕುನುಗ್ಗಲಿನಲ್ಲಿ ಯಾವ ಕೈ ಅರಿಯದೆ ತಗುಲಿತು, ಯಾವ ಕೈ ಬೇಕೆಂದೇ ತಗುಲಿತು ಎಂಬುದು ಅವರಿಗೆ ಕತ್ತಲಲ್ಲೂ ತಿಳಿಯುತ್ತದೆ. ಚೀಲವನ್ನು ಎದೆಗವಚಿ ನಿಲ್ಲುವುದನ್ನು ಕಾಲೇಜು ಸೇರಿದ ಮೊದಲ ವಾರದಲ್ಲೇ ಹುಡುಗಿಯರು ಕಲಿತುಬಿಡುತ್ತಾರೆ. "ಸರೀರಿ ಯಕ್ಕಾ, ಹುಡುಗಿ ಕುಂದರ್ತದ" ಎಂದು ಹಿರಿಯ ಹೆಂಗಸೊಬ್ಬಳು ಕರೆದು ತನ್ನ ಪಕ್ಕ ಕೂರಿಸಿಕೊಂಡರೆ, ಮರುದಿನದಿಂದ ಆ ಹುಡುಗಿ ಹುಡುಕುವುದು ಆಕೆಯ ತಲೆಯ ಎಣ್ಣೆಯ ವಾಸನೆಯನ್ನೇ.

ಮೂಗು ಮರೆಯುವ ಬಗೆ

ವಾಸನೆಗೂ ನೆನಪಿಗೂ ಇರುವ ನಂಟಿಗೆ ಕಾರಣ ತಲೆಯೊಳಗೇ ಇದೆ. ಕಣ್ಣು, ಕಿವಿ, ಚರ್ಮಗಳ ಸುದ್ದಿ ಮೆದುಳಿನ ನಡುವಿನ ಒಂದು ಕೇಂದ್ರವನ್ನು ಹಾಯ್ದು ಮುಂದೆ ಹೋಗುತ್ತದೆ. ಮೂಗಿನ ಸುದ್ದಿ ಅಲ್ಲಿ ನಿಲ್ಲದೆ, ಭಾವನೆ ಮತ್ತು ನೆನಪುಗಳು ಮನೆ ಮಾಡಿರುವ ಭಾಗಕ್ಕೆ ಹೆಚ್ಚು ನೇರವಾಗಿ ತಲುಪುತ್ತದೆ. ವಾಸನೆಯನ್ನು ಹಿಡಿಯುವ ಗ್ರಾಹಕಗಳ ದೊಡ್ಡ ಕುಟುಂಬವನ್ನು 1991ರಲ್ಲಿ ಪತ್ತೆ ಹಚ್ಚಿದ ಅಮೆರಿಕದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ರೈಲಿನ ಕಿಟಕಿಯ ಸರಳು ಹಿಡಿದು ಕೂತವರ ಅಂಗೈಗೆ ಕಬ್ಬಿಣದ ವಾಸನೆ ಹತ್ತುತ್ತದೆ. ಸಾಬೂನಿಗೂ ಬೇಗ ಬಿಡದ ವಾಸನೆ. ವಿಚಿತ್ರವೆಂದರೆ ಅದು ಕಬ್ಬಿಣದ್ದಲ್ಲ. ಕೈಯ ಬೆವರು, ಜಿಡ್ಡು ಕಬ್ಬಿಣಕ್ಕೆ ತಗುಲಿದಾಗ ಚರ್ಮದ ಕೊಬ್ಬಿನಿಂದ ಹುಟ್ಟುವ ವಾಸನೆ ಅದು. ಸರಳಿನ ಮೇಲೆ ಮನುಷ್ಯನ ಕೈ ಬೀಳುವವರೆಗೆ ಕಬ್ಬಿಣಕ್ಕೆ ಆ ವಾಸನೆ ಇರುವುದಿಲ್ಲ. ಅಂದರೆ ರೈಲಿನ ವಾಸನೆ ಎಂದು ಜನ ಹೇಳುವುದರಲ್ಲಿ ಒಂದು ಪಾಲು ಅವರದೇ.

ಮೂಗಿಗೆ ಇನ್ನೊಂದು ಗುಣವೂ ಉಂಟು. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಇದ್ದರೆ ಅದು ಆ ವಾಸನೆಯನ್ನು ಬಿಟ್ಟುಬಿಡುತ್ತದೆ. ಕಾರ್ಖಾನೆಯ ಪಕ್ಕದ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಅದರ ವಾಸನೆ ತಿಳಿಯುವುದೇ ಇಲ್ಲ. ತಿಳಿಯುವುದು ದಿನವೂ ಊರು ಬಿಟ್ಟು ಹೋಗಿ ಬರುವವರಿಗೆ. ಹತ್ತು ಗಂಟೆ ಬೇರೆ ಗಾಳಿ ಕುಡಿದು ಮರಳಿದ ಮೂಗಿಗೆ ತನ್ನ ಊರು ಪ್ರತಿ ಸಂಜೆ ಹೊಸದಾಗಿ ಹೊಡೆಯುತ್ತದೆ. ಊರಿನ ಗಾಳಿ ಯಾವಾಗ ಕೆಟ್ಟಿತು, ಯಾವಾಗ ತಿಳಿಯಾಯಿತು ಎಂಬುದಕ್ಕೆ ಪಾಸಿನವರಿಗಿಂತ ನಂಬಿಗಸ್ತ ಸಾಕ್ಷಿ ಸಿಗುವುದು ಕಷ್ಟ.

ಕಲ್ಲಿನ ಹಸಿವು

ಈ ನೆಲದ ಅಡಿಯಲ್ಲಿರುವುದು ಭೀಮಾ ಕೊಳ್ಳದ ಸುಣ್ಣದಕಲ್ಲು. ಮೈಲಿಗಟ್ಟಲೆ ಹಾಸಿದಂತೆ ಪದರ ಪದರವಾಗಿ ಕೂತಿದೆ. ಹಲ್ಲೆ ಹಲ್ಲೆಯಾಗಿ ಏಳುವ ಈ ಕಲ್ಲು ಶಹಾಬಾದಿನ ಹೆಸರಿನಲ್ಲೇ ದೇಶದ ಉದ್ದಗಲಕ್ಕೂ ಹೋಗಿ ಮನೆಗಳ ನೆಲವಾಯಿತು. ಇಲ್ಲಿನವರ ಬಾಯಲ್ಲಿ ಅದು ಪರ್ಸಿ. ಕಲ್ಲು ಕೊಯ್ಯುವ ಗರಗಸಕ್ಕೆ ಬಿಡುವಿಲ್ಲದೆ ನೀರು ಬಿಡುತ್ತಾರೆ. ಹಾಗಾಗಿ ಅಲ್ಲಿಂದ ಬರುವುದು ಧೂಳಿನ ವಾಸನೆಯಷ್ಟೇ ಅಲ್ಲ, ತಂಪು ಬೂದಿ ಕೆಸರಿನ, ಬಾವಿಯ ಗೋಡೆಯಂಥ ವಾಸನೆ. ನಿದ್ದೆಯಲ್ಲಿದ್ದ ಗುಮಾಸ್ತರನ್ನು ಎಬ್ಬಿಸುವುದು ಅದೇ.

ಒಡೆದು ಸುಟ್ಟರೆ ಇದೇ ಕಲ್ಲು ಸಿಮೆಂಟು. ನುಣ್ಣಗೆ ಅರೆದ ಸುಣ್ಣದಕಲ್ಲಿಗೆ ಜೇಡಿ ಬೆರೆಸಿ, ತಿರುಗುವ ದೊಡ್ಡ ಕುಲುಮೆಯಲ್ಲಿ ಸುಮಾರು 1450 ಡಿಗ್ರಿ ಶಾಖದಲ್ಲಿ ಸುಡುತ್ತಾರೆ. ಹೊರಬರುವ ಬೂದು ಗುಂಡುಗಳೇ ಕ್ಲಿಂಕರ್. ಅದಕ್ಕೆ ಜಿಪ್ಸಮ್ ಸೇರಿಸಿ ಅರೆದರೆ ಸಿಮೆಂಟು. ವಾಡಿ, ಮಳಖೇಡ ರೋಡ್, ಸೇಡಂ, ಚಿತ್ತಾಪುರ ತಾಲ್ಲೂಕಿನ ಇಟಗಾ, ಚಿಂಚೋಳಿ ತಾಲ್ಲೂಕಿನ ಕಲ್ಲೂರು, ಹೀಗೆ ಒಂದರ ಹಿಂದೆ ಒಂದು ಕಾರ್ಖಾನೆ ಎದ್ದವು. ರಾತ್ರಿ ಗಾಡಿಯಲ್ಲಿ ಬರುವಾಗ ಬಯಲಿನ ನಡುವೆ ಹಡಗಿನಂತೆ ದೀಪ ಹೊತ್ತು ನಿಂತಿರುತ್ತವೆ.

ಸಿಮೆಂಟಿನ ವಾಸನೆ ಹೀಗೇ ಎಂದು ಹೇಳುವುದು ಕಷ್ಟ. ಅದು ಮೂಗಿಗಿಂತ ಹೆಚ್ಚಾಗಿ ಗಂಟಲಿಗೆ ತಿಳಿಯುವಂಥದು. ನಾಲಗೆಯ ಮೇಲೆ ಸುಣ್ಣದ ಒಗರು, ಕಣ್ಣಂಚಿನಲ್ಲಿ ಉರಿ, ಹಲ್ಲಿನ ನಡುವೆ ಕರಕರ. ಹಿಂದೆ ವಾಡಿ ಬರುತ್ತಿದ್ದಂತೆ ಕಿಟಕಿಯ ಶಟರುಗಳು ಒಂದೊಂದಾಗಿ ಧಡ್ ಧಡ್ ಎಂದು ಇಳಿಯುತ್ತಿದ್ದವು. ಧೂಳು ಹಿಡಿಯುವ ಯಂತ್ರ, ಚೀಲದ ಸೋಸುಗಗಳು ಬಂದ ಮೇಲೆ ಹೊಗೆ ಗೊಟ್ಟೆಯ ಧೂಳು ತಗ್ಗಿದೆ ಎಂಬುದನ್ನು ಹಳೆಯ ಪಾಸಿನವರು ಒಪ್ಪುತ್ತಾರೆ. ಆದರೆ ಗಣಿಯ ಧೂಳು, ಲಾರಿಗಳು ಎಬ್ಬಿಸುವ ಧೂಳು, ಮಾಲುಗಾಡಿಯಿಂದ ಉದುರುವ ಪುಡಿಗಳಿಗೆ ಚೀಲ ಹಾಕಿದವರಿಲ್ಲ. ಹತ್ತಿಯ ಗಿಡದ ಎಲೆ, ತೊಗರಿಯ ಹೂವು, ಒಣಗಲು ಹಾಕಿದ ಸೀರೆ, ಎಲ್ಲದರ ಮೇಲೂ ಅದು ಕೂರುತ್ತದೆ. ಮೊದಲ ಮಂಜಿನ ಹನಿ ಬಿದ್ದರೆ ಗಟ್ಟಿಯಾಗಿ ಅಂಟುತ್ತದೆ.

ಕಲ್ಲಿನ ಕೆಲಸದಿಂದ ಮನೆಗೆ ಹೋಗುವವರನ್ನು ಸಂಜೆಯ ಗಾಡಿಯಲ್ಲಿ ನೋಡಬೇಕು. ಹುಬ್ಬು, ರೆಪ್ಪೆ, ಕಿವಿಯ ಅಂಚು ಬೂದಿ ಬಣ್ಣ. ಕೂತ ಕಡೆಯೇ ಒಣ ಕೆಮ್ಮು. ಪಕ್ಕದಲ್ಲಿದ್ದವರು ಅಂಗಿ ಕೊಳೆಯಾದೀತೆಂದು ತುಸು ಸರಿದು ಕೂರುತ್ತಾರೆ. ಅವರಿಗೆ ಅದು ತಿಳಿಯುತ್ತದೆ, ಆದರೂ ತಿಳಿಯದವರಂತೆ ಹೊರಗೆ ನೋಡುತ್ತಾರೆ. ಮನೆಯಲ್ಲಿ ಅದೇ ಬೂದಿ ವಾಸನೆಗೆ ಮಗು ಓಡಿ ಬರುತ್ತದೆ. ಅಪ್ಪನ ವಾಸನೆ ಎಂದರೆ ಅದಕ್ಕೆ ಅದೇ.

ಹಾಗಾದರೆ ಧೂಳು ನಿಂತರೆ ಒಳ್ಳೆಯದೇ? ಈ ಪ್ರಶ್ನೆಗೆ ಶಹಾಬಾದಿನವರು ಬೇಗ ಉತ್ತರ ಕೊಡುವುದಿಲ್ಲ. ಅವರು ಧೂಳು ನಿಂತದ್ದನ್ನು ನೋಡಿದವರು. ನಿಜಾಮರ ಕಾಲದಲ್ಲೇ ಕಟ್ಟಿದ ಇಲ್ಲಿನ ಸಿಮೆಂಟ್ ಕಾರ್ಖಾನೆ 1936ರಲ್ಲಿ ಹಲವು ಕಂಪನಿಗಳು ಕೂಡಿದ ದೊಡ್ಡ ಸಂಸ್ಥೆಯ ಪಾಲಾಗಿ, ಮುಂದೆ ಕೈ ಬದಲಾಗಿ, ಕೊನೆಗೆ ನಿಂತೇ ಹೋಯಿತು. ಕುರಕುಂಟದ ಸರಕಾರಿ ಸಿಮೆಂಟ್ ಕಾರ್ಖಾನೆಯ ಕುಲುಮೆಯೂ ಆರಿತು. ಪಾಳಿಯ ಸೈರನ್ ನಿಂತಿತು, ಗಾಳಿ ತಿಳಿಯಾಯಿತು. ಸೀರೆಗಳ ಮೇಲೆ ಧೂಳು ಬೀಳಲಿಲ್ಲ, ಆದರೆ ಹೊಸ ಸೀರೆ ಕೊಳ್ಳುವ ಕೈಯೂ ಇರಲಿಲ್ಲ. ಆವರೆಗೆ ಕಾರ್ಖಾನೆಗೆ ನಡೆದೇ ಹೋಗುತ್ತಿದ್ದವರು ಬುತ್ತಿ ಹಿಡಿದು ರೈಲಿಗೆ ಬಂದರು. ಧೂಳಿದ್ದರೆ ಕೆಮ್ಮು, ಧೂಳಿಲ್ಲದಿದ್ದರೆ ಹಸಿವು. ಈ ಎರಡರ ನಡುವೆ ಮೂರನೆಯದೊಂದು ದಾರಿ ಇರಬೇಕಲ್ಲವೇ ಎಂಬ ಮಾತು ಡಬ್ಬಿಯಲ್ಲಿ ಆಗಾಗ ಏಳುತ್ತದೆ. ಉತ್ತರ ಬರುವ ಮೊದಲೇ ಯಾರದಾದರೂ ಸ್ಟೇಷನ್ ಬಂದುಬಿಡುತ್ತದೆ.

ಕಾಲಕ್ಕೊಂದು ಗಂಧ

ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಹೊಸದಲ್ಲ. ಮಧ್ಯಾಹ್ನದ ಗಾಡಿಯ ಬೆಂಚಿನ ರೆಕ್ಸಿನ್ ಕಾದು ತೊಡೆಗೆ ಅಂಟುತ್ತದೆ. ಸರಳು ಮುಟ್ಟುವಂತಿಲ್ಲ. ಬಿಸಿಲು ಬಡಿಯದಿರಲೆಂದು ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡು ಬರುವ ಹಿರಿಯರಿದ್ದಾರೆ. ಅದು ಬಿಸಿಲನ್ನು ತಡೆಯುವುದೋ ಇಲ್ಲವೋ, ಬೆಂಚಿನವರಿಗೆಲ್ಲ ಅದರ ಘಾಟು ಮಾತ್ರ ಖಾತ್ರಿ. ತಲೆಗೆ ಸುತ್ತಿದ ಒದ್ದೆ ಟವೆಲು ಚಿತ್ತಾಪುರದಲ್ಲಿ ತಂಪು, ವಾಡಿಯಲ್ಲಿ ಬೆಚ್ಚಗೆ, ಶಹಾಬಾದಿನಲ್ಲಿ ಒಣ ಬಟ್ಟೆ.

ಜೂನಿನ ಮೊದಲ ಮಳೆಗೆ ಇಡೀ ಡಬ್ಬಿ ಕಿಟಕಿಗೆ ಬರುತ್ತದೆ. ಬಿರಿದ ಎರೆ ನೆಲ, ಕಾದ ಕಲ್ಲು ಎರಡರ ಮೇಲೂ ಹನಿ ಬಿದ್ದಾಗಿನ ಆ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು ಪೆಟ್ರಿಕೋರ್ ಎಂಬ ಹೆಸರಿಟ್ಟರು. ಬೇಸಗೆಯಲ್ಲಿ ಗಿಡಗಳ ಎಣ್ಣೆಯಂಶವನ್ನು ಒಣ ನೆಲ, ಕಲ್ಲುಗಳು ಹೀರಿಕೊಂಡಿದ್ದು ಮಳೆ ಬಂದಾಗ ಬಿಟ್ಟುಕೊಡುತ್ತವೆ ಎಂಬುದು ಅವರು ಕಂಡುಕೊಂಡದ್ದು. ಆ ವಾಸನೆಯನ್ನು ಸೀಸೆಗೆ ಇಳಿಸುವ ಕಲೆ ಉತ್ತರ ಪ್ರದೇಶದ ಕನ್ನೌಜಿನ ಅತ್ತರಿನವರಿಗೆ ಅದಕ್ಕೂ ಮೊದಲೇ ಗೊತ್ತಿತ್ತು. ಇಲ್ಲಿನ ರೈತನಿಗೆ ಅದರ ಹೆಸರು ಬೇಕಿಲ್ಲ. ಆ ದಿನ ಅವನು ಕಲಬುರಗಿಯ ಕೆಲಸ ಬಿಟ್ಟು ಮುಂದಿನ ಸ್ಟೇಷನ್ನಿನಲ್ಲೇ ಇಳಿದು ಬೀಜದ ಚಿಂತೆಗೆ ಊರಿಗೆ ತಿರುಗುತ್ತಾನೆ.

ದೀಪಾವಳಿಯ ಆಸುಪಾಸು ಬುಟ್ಟಿ ಬುಟ್ಟಿ ಸೀತಾಫಲ. ಹಣ್ಣಾದದ್ದು ಯಾವುದು ಎಂದು ಒತ್ತಿ ನೋಡಿ ಒತ್ತಿ ನೋಡಿ ಮಾರುವವಳಿಂದ ಬೈಸಿಕೊಳ್ಳುವುದೂ ಸಂಪ್ರದಾಯವೇ. ಚಳಿ ಬೀಳುತ್ತಿದ್ದಂತೆ ತೊಗರಿಯ ರಾಶಿ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಈ ತೊಗರಿ ಇಲ್ಲಿನ ಬದುಕಿನ ಬೆನ್ನೆಲುಬು. ಕಲಬುರಗಿ ಹತ್ತಿರವಾದಂತೆ ದಾಲ್ ಮಿಲ್ಲುಗಳಿಂದ ಬರುವ ಹುರಿದ ಬೇಳೆಯಂಥ ಬೆಚ್ಚನೆಯ ವಾಸನೆ ಬೆಳಗಿನ ಚಳಿಯಲ್ಲಿ ಹೊಟ್ಟೆಯನ್ನು ಕೆಣಕುತ್ತದೆ. ಎಳ್ಳ ಅಮಾವಾಸ್ಯೆಯ ದಿನ ಗಾಡಿ ಅರ್ಧ ಖಾಲಿ, ಎಲ್ಲರೂ ಹೊಲದಲ್ಲಿ. ಮರುದಿನದ ಡಬ್ಬಿಯಲ್ಲಿ ಮಾತ್ರ ಬೆಂಚಿಗೊಂದು ಡಬರಿ. ಹತ್ತಾರು ಕಾಳು, ಸೊಪ್ಪು ಬೆರೆಸಿ ಬೇಯಿಸಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಹೊಲವಿಲ್ಲದವರಿಗೂ ಅಂದು ಹೊಲದ ಊಟ.

ಹೋದ ವಾಸನೆಗಳು

ಹಳೆಯ ತಲೆಮಾರಿನವರ ನೆನಪಿನಲ್ಲಿ ರೈಲೆಂದರೆ ಕಲ್ಲಿದ್ದಲು. ಕಿಟಕಿಯಿಂದ ಇಣುಕಿದವರ ಕಣ್ಣಿಗೆ ಕಿಡಿ, ಬಿಳಿ ಅಂಗಿಗೆ ಮಸಿ. 1990ರ ದಶಕದ ನಡುವಿನ ಹೊತ್ತಿಗೆ ದೇಶದ ದೊಡ್ಡ ಹಳಿಗಳ ಮೇಲೆ ಉಗಿಬಂಡಿಯ ಕಾಲ ಮುಗಿಯಿತು. ಆಮೇಲಿನ ಡೀಸೆಲ್ಲಿಗೆ ಜಿಡ್ಡು ಹೊಗೆ, ತಲೆ ತಿರುಗಿಸುವ ಘಾಟು. ಈಗ ಹಳಿಯ ಮೇಲೆ ವಿದ್ಯುತ್ ತಂತಿ ಹಾದಿದೆ, ಎಂಜಿನ್ನಿಗೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ. ಉಳಿದಿರುವುದು ಬ್ರೇಕ್ ಹಾಕಿದಾಗ ಚಕ್ರದ ಬಳಿ ಏಳುವ ಸುಟ್ಟ ವಾಸನೆಯೊಂದೇ.

ಬೀಡಿಯ ಹೊಗೆಯೂ ಹೋಯಿತು. ಸಹಪ್ರಯಾಣಿಕರು ಬೇಡವೆಂದರೆ ಸೇದುವಂತಿಲ್ಲ ಎಂದು 1989ರ ರೈಲ್ವೆ ಕಾಯ್ದೆಯಲ್ಲೇ ಇತ್ತು. ಆದರೆ ಬೇಡವೆನ್ನುವ ಧೈರ್ಯ ಯಾರಿಗಿತ್ತು? 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದಕ್ಕೆ ನಿಷೇಧ ಬಂದ ಮೇಲೆ ಹೆಂಗಸರು, ಮಕ್ಕಳು ಬಾಯಿ ಬಿಡತೊಡಗಿದರು. ಕದ್ದು ಸೇದುವವರು ಈಗಲೂ ಸಂಡಾಸಿನ ಬಳಿ ಹೋಗುತ್ತಾರೆ. ಆ ಸಂಡಾಸಿನ ವಿಷಯ ಹೇಳದೆ ರೈಲಿನ ಮಾತು ಮುಗಿಯುವುದಿಲ್ಲ. ಹಳಿಯ ಮೇಲೇ ಬೀಳುತ್ತಿದ್ದ ಕಾಲದಲ್ಲಿ ಸ್ಟೇಷನ್ನಿನಲ್ಲಿ ನಿಂತ ಗಾಡಿ ಹೊರಡಲಿ ಎಂದು ಎಲ್ಲರೂ ಮೂಗು ಹಿಡಿದು ಕಾಯುತ್ತಿದ್ದರು. ಡಬ್ಬಿಯಡಿ ಜೈವಿಕ ತೊಟ್ಟಿ ಕೂರಿಸಿದ ಮೇಲೆ ಹಳಿ ಹಸನಾಯಿತು. ನೀರು ಖಾಲಿಯಾದ ಡಬ್ಬಿಯ ಬಾಗಿಲ ಬಳಿಯ ಪಾಡು ಮಾತ್ರ ಹಾಗೇ ಇದೆ. ಸೀಟು ಸಿಗದವರು ನಿಲ್ಲಬೇಕಾದದ್ದು ಅಲ್ಲೇ.

ಚಹಾಕ್ಕೂ ಒಂದು ವಾಸನೆ ಬಂದು ಹೋಯಿತು. 2004ರಲ್ಲಿ ರೈಲ್ವೆ ಮಂತ್ರಿಯಾದ ಲಾಲೂ ಪ್ರಸಾದ್ ಯಾದವ್ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡಿಸಲು ಹೊರಟಿದ್ದರು. ಬಿಸಿ ಚಹಾ ಬಿದ್ದೊಡನೆ ಏಳುವ ಸುಟ್ಟ ಮಣ್ಣಿನ ಪರಿಮಳ ಬಹುಕಾಲ ನಿಲ್ಲಲಿಲ್ಲ. ಈಗ ಮತ್ತೆ ಕಾಗದದ ಲೋಟ, ಶುಂಠಿಯ ಖಾರ.

2020ರ ಮಾರ್ಚ್ 22ರಿಂದ ರೈಲೇ ನಿಂತಿತು. ದೇಶಾದ್ಯಂತ ಪ್ರಯಾಣಿಕರ ಗಾಡಿಗಳು ನಿಂತಾಗ ಈ ಹಳಿಯ ಮೇಲೆ ಓಡಿದ್ದು ಮಾಲುಗಾಡಿ ಮಾತ್ರ. ಆ ರೋಗದ ಒಂದು ಲಕ್ಷಣ ವಾಸನೆ ತಿಳಿಯದೆ ಹೋಗುವುದು. ಗಾಡಿ ಮರಳಿ ಬಂದಾಗ ಎಲ್ಲರ ಮೂಗಿಗೂ ಬಟ್ಟೆ. ಬುತ್ತಿ ಹಂಚುವ ರಿವಾಜು ನಿಂತುಹೋಗಿತ್ತು. ಜೊತೆಗೆ ಕಿಸೆಗೂ ಪೆಟ್ಟು ಬಿತ್ತು. ಪ್ಯಾಸೆಂಜರ್ ಗಾಡಿಗಳಿಗೆ ಎಕ್ಸ್‌ಪ್ರೆಸ್ಸಿನ ದರ ಹಚ್ಚಿ, 10 ರೂಪಾಯಿ ಇದ್ದ ಕನಿಷ್ಠ ಟಿಕೆಟ್ 30 ಆಯಿತು. ಅದು ಮತ್ತೆ ಇಳಿದದ್ದು 2024ರಲ್ಲಿ. ಕಡಿಮೆ ಆದಾಯದವರಿಗೆಂದು 2009ರಲ್ಲಿ 25 ರೂಪಾಯಿಯ ತಿಂಗಳ ಪಾಸು ತಂದಿದ್ದ ರೈಲ್ವೆಯೇ ಅದು. ದಿನಗೂಲಿಗೆ ಹೋಗುವವರಿಗೆ ಇಪ್ಪತ್ತು ರೂಪಾಯಿ ಎಂದರೆ ಮನೆಯ ಒಂದು ಹೊತ್ತಿನ ತರಕಾರಿ.

ಸಂಜೆಯ ಗಾಡಿ

ಸಂಜೆಯ ಡಬ್ಬಿ ಬೆಳಗಿನದಲ್ಲ. ಮಲ್ಲಿಗೆ ಬಾಡಿದೆ, ಇಸ್ತ್ರಿ ಮುರಿದಿದೆ, ಬುತ್ತಿಯ ಡಬ್ಬಿಗಳು ಖಾಲಿ. ಬೆವರು, ಕಚೇರಿಯ ಹಳೆಯ ಕಾಗದ, ಆಸ್ಪತ್ರೆಯ ಔಷಧಿ, ಕರಿದ ಮಿರ್ಚಿ ಭಜಿಯ ಎಣ್ಣೆ. ತಾಂಡೂರಿನ ಕಡೆಯಿಂದ ಬರುವ ಗಾಡಿಯಾದರೆ ಮೂಲೆಯಲ್ಲೊಬ್ಬನ ಉಸಿರಿನಿಂದ ಸೇಂದಿಯ ಹುಳಿ. ದಿನವೆಲ್ಲ ಡಾಕ್ಟರ ಬಾಗಿಲಲ್ಲಿ ಕಾದ ಮುದುಕಿಯೊಬ್ಬಳು ಮೊಮ್ಮಗನ ಹೆಗಲಿಗೆ ಒರಗಿ ಕೂತಿರುತ್ತಾಳೆ. ಸೇಡಂನಲ್ಲಿಳಿದು ಚಿಂಚೋಳಿಯ ಬಸ್ಸು ಸಿಗಬೇಕಾದವರು ಪ್ರತಿ ಸಿಗ್ನಲ್ಲಿಗೂ ಎದ್ದೆದ್ದು ನೋಡುತ್ತಾರೆ. ಮಾಲುಗಾಡಿಗೆ ದಾರಿ ಬಿಡಲು ಅವರ ಗಾಡಿಯನ್ನು ನಿಲ್ಲಿಸಿದರೆ, ಪಕ್ಕದ ಹಳಿಯ ಮೇಲೆ ಸಿಮೆಂಟು ಹೊತ್ತ ಡಬ್ಬಿಗಳು ಒಂದೊಂದಾಗಿ ಧೂಳೆಬ್ಬಿಸಿ ಹಾಯುತ್ತವೆ. ಊರಿನ ಕಲ್ಲು ಮೊದಲು ಹೋಗುತ್ತದೆ, ಊರಿನ ಜನ ಆಮೇಲೆ.

ಇದೇ ಹಳಿಯ ಮೇಲೆ, ಸುಗ್ಗಿ ಮುಗಿದು ಕೆಲಸವಿಲ್ಲದಾಗ, ಚಿಂಚೋಳಿ, ಸೇಡಂ, ಚಿತ್ತಾಪುರದ ಹಳ್ಳಿ ತಾಂಡಾಗಳ ಜನ ಮುಂಬಯಿ, ಪುಣೆಗಳಿಗೆ ಗುಳೆ ಹೋಗುತ್ತಾರೆ. ಗೋಣಿಚೀಲದಲ್ಲಿ ಜೋಳದ ಹಿಟ್ಟು, ಖಾರಪುಡಿ, ಒಲೆಗೆ ಬೇಕಾದ ಪಾತ್ರೆ. ಅಲ್ಲಿ ಅವರು ಕಟ್ಟುವ ಮಹಡಿಗಳಿಗೆ ಬರುವ ಚೀಲಗಳ ಮೇಲೆ ವಾಡಿಯ, ಸೇಡಂನ ಹೆಸರು. ಮೂಟೆ ಒಡೆದಾಗ ಏಳುವ ಆ ಒಗರು ಧೂಳು ಅವರಿಗೆ ಹೊಸದಲ್ಲ. ಊರಲ್ಲಿ ಕೆಮ್ಮು ತಂದ ಅದೇ ವಾಸನೆ ಅಲ್ಲಿ ಊರನ್ನೇ ನೆನಪಿಗೆ ತರುತ್ತದೆ.

ವರ್ಷದ ಕೊನೆಗೆ ಅವರು ಮರಳುವ ಗಾಡಿ ಶಹಾಬಾದಿಗೆ ಬರುವಾಗ ಹೊರಗೆ ಕತ್ತಲು. ಬೋರ್ಡು ಕಾಣುವುದಿಲ್ಲ, ಜನರಲ್ ಡಬ್ಬಿಯ ದೀಪವೂ ಮಂಕು. ಕಕ್ಕಸಿನ ಬಾಗಿಲ ಬಳಿ ಗೋಣಿಚೀಲದ ಮೇಲೆ ಮುದುಡಿ ಮಲಗಿದ ತಾಯಿ ತಟ್ಟನೆ ಎದ್ದು ಕೂರುತ್ತಾಳೆ. ಮಕ್ಕಳನ್ನು ತಟ್ಟಿ ಎಬ್ಬಿಸುತ್ತಾಳೆ, ಗಂಟುಗಳನ್ನು ಎಣಿಸುತ್ತಾಳೆ. ಇನ್ನೂ ದೂರ ಇದೆಯಲ್ಲವೇ ಎಂದು ಗಂಡ ನಿದ್ದೆಗಣ್ಣಿನಲ್ಲಿ ಕೇಳುತ್ತಾನೆ. ಆಕೆ ಕಿಟಕಿಯ ಕಡೆ ಮುಖ ಮಾಡಿ ಹೇಳುತ್ತಾಳೆ: "ಏಳ್ರಿ, ವಾಸನಿ ಬಂತು. ನಮ್ಮ ಊರ ಕಡಿಗಿ ಬಂದೀವಿ."